ಟೀಚರಲ್ಲಿ ಕೇಳಿ: ಕರಿಗೋಟಿಗೆ ಹೊಸ ಅಡಿಕೆಯ ದರ ಬಂದದ್ದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಒಂದೇ. ಪ್ರೋಗ್ರಾಮು ಷರತ್ತಿನ ಒಂದು ಕವಲಿನಲ್ಲಿ ಹೋದರೆ ವೇರಿಯೇಬಲ್‌ಗೆ (ಪ್ರೋಗ್ರಾಮು ಲೆಕ್ಕ ಇಟ್ಟುಕೊಳ್ಳುವ ಹೆಸರಿಗೆ) ಬೆಲೆ, ಅಂದರೆ ವ್ಯಾಲ್ಯೂ, ಸಿಗುತ್ತದೆ, ಇನ್ನೊಂದರಲ್ಲಿ ಹೋದರೆ ಸಿಗುವುದಿಲ್ಲ. ಬದಿಯಡ್ಕದ ಪತ್ರಕ್ಕೆ ಉದ್ದನೆಯ ಉತ್ತರ ಕೊಟ್ಟು ಉಳಿದವರಿಗೆ ಚುಟುಕಾಗಿ ಹೇಳುತ್ತೇನೆ. ಅಚ್ಚಿನ ಅನುಕೂಲಕ್ಕಾಗಿ ಕೋಡನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಇಫ್, ಎಲಿಫ್, ಫಾರ್ ಮುಂತಾದ ಪೈಥಾನ್ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ಪ್ರಶ್ನೆ: ಟೀಚರ್, ನನ್ನ ಮಾವನಿಗೆ ಅಡಿಕೆ ಖರೀದಿಯ ಅಂಗಡಿ ಇದೆ. ರಶೀದಿ ಬರೆಯಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮು ಮಾಡಿಕೊಟ್ಟಿದ್ದೇನೆ. ಕೋಡ್ ಕೆಳಗಿದೆ, ದರಗಳು ಉದಾಹರಣೆಗೆ ಹಾಕಿದವು. ಕರಿಗೋಟು (ಕಡಿಮೆ ದರ್ಜೆಯ ಅಡಿಕೆ) ಬಂದರೆ ಕೈಯಲ್ಲೇ ಬರೆದುಕೊಳ್ಳುತ್ತಾರೆಂದು ಅದನ್ನು ಸೇರಿಸಿರಲಿಲ್ಲ. ಒಮ್ಮೊಮ್ಮೆ ‘ದರ ಎಂಬ ಹೆಸರು ಡಿಫೈನ್ ಆಗಿಲ್ಲ’ ಎಂದು ನೇಮ್‌ಎರರ್ ಬಂದು ನಿಲ್ಲುತ್ತಿತ್ತು. ಇನ್ನು ಕೆಲವು ದಿನ ಅಂಥದ್ದೇ ಮಾಲು ಬಂದರೂ ಏನೂ ಆಗುತ್ತಿರಲಿಲ್ಲ. ಫಾರ್ ಸಾಲಿನ ಮೇಲೆ ‘ದರ = 0’ ಎಂದು ಬರೆಯಲು ಗೆಳೆಯ ಹೇಳಿದ. ಬರೆದ ಮೇಲೆ ಎರರ್ ಬಂದಿಲ್ಲ. ಇನ್ನು ಹೆದರಿಕೆ ಇಲ್ಲವಲ್ಲ?
— ಓದುಗ, ಬದಿಯಡ್ಕ

    ಫಾರ್ ತರ, ತೂಕ ಇನ್ ಸಾಲುಗಳು:
        ಇಫ್ ತರ == "ಹೊಸ ಅಡಿಕೆ":
            ದರ = 400
        ಎಲಿಫ್ ತರ == "ಹಳೆ ಅಡಿಕೆ":
            ದರ = 450
        ಎಲಿಫ್ ತರ == "ಪಟೋರ":
            ದರ = 300
        ಮೊತ್ತ = ದರ * ತೂಕ
        ಪ್ರಿಂಟ್(ತರ, ತೂಕ, ಮೊತ್ತ)

ಉತ್ತರ: ಹೆದರಿಕೆ ಈಗಲೇ ಹೆಚ್ಚು. ಮೊದಲು ನಿಮ್ಮ ಪ್ರೋಗ್ರಾಮು ಒಮ್ಮೊಮ್ಮೆಯಾದರೂ ಸತ್ಯ ಹೇಳುತ್ತಿತ್ತು. ನಿಮ್ಮ ಗೆಳೆಯ ಅದನ್ನೂ ನಿಲ್ಲಿಸಿದ್ದಾನೆ.

ಎರರ್ ಒಮ್ಮೆ ಬಂದು ಒಮ್ಮೆ ಬಾರದಿರುವುದೇಕೆ ಎಂಬುದನ್ನು ಮೊದಲು ನೋಡೋಣ. ಒಬ್ಬ ಕೃಷಿಕ ಹೊಸ ಅಡಿಕೆ 60 ಕಿಲೋ, ಕರಿಗೋಟು 40 ಕಿಲೋ ತಂದನೆಂದುಕೊಳ್ಳಿ. ಅಂಗಡಿಯ ಹುಡುಗ ಕರಿಗೋಟನ್ನು ಕೈಯಲ್ಲಿ ಬರೆಯದೆ ಕಂಪ್ಯೂಟರಿಗೇ ಹಾಕಿದ. ಅವನು ಹಾಕಿಯೇ ಹಾಕುತ್ತಾನೆ; ‘ಹಾಕಬೇಡ’ ಎಂದು ನೀವು ಹೇಳಿದ್ದು ಅವನಿಗೆ, ಪ್ರೋಗ್ರಾಮಿಗಲ್ಲ. ಕರಿಗೋಟನ್ನು ಮೊದಲ ಸಾಲಿನಲ್ಲಿ ಹಾಕಿದರೆ ಮೂರು ಕವಲುಗಳಲ್ಲಿ ಯಾವುದೂ ಹೊಂದುವುದಿಲ್ಲ. ‘ದರ’ ಎಂಬ ಹೆಸರು ಆವರೆಗೆ ಹುಟ್ಟಿಯೇ ಇಲ್ಲ. ಹಾಗಾಗಿ ನೇಮ್‌ಎರರ್ ಬರುತ್ತದೆ. ಹೊಸ ಅಡಿಕೆಯನ್ನು ಮೊದಲು ಹಾಕಿದರೆ ಆ ಸಾಲಿನಲ್ಲಿ ದರ 400 ಆಗುತ್ತದೆ, 24,000 ರೂಪಾಯಿ ಅಚ್ಚಾಗುತ್ತದೆ. ಮುಂದಿನ ಸುತ್ತಿಗೆ ಕರಿಗೋಟು ಬಂದಾಗ ಯಾವ ಕವಲೂ ದರವನ್ನು ಮುಟ್ಟುವುದಿಲ್ಲ, ಆದರೆ ಹಿಂದಿನ ಸುತ್ತಿನ 400 ಅಲ್ಲೇ ಕುಳಿತಿದೆ. ಪೈಥಾನ್‌ನಲ್ಲಿ ಇಫ್ ಆಗಲಿ ಫಾರ್ ಆಗಲಿ ವೇರಿಯೇಬಲ್‌ಗೆ ಬೇರೆ ಬೇಲಿ ಹಾಕುವುದಿಲ್ಲ. ಸುತ್ತು ಮುಗಿದರೂ ಬೆಲೆ ಅಳಿಯುವುದಿಲ್ಲ. ಹೀಗೆ 40 ಕಿಲೋ ಕರಿಗೋಟಿಗೆ 16,000 ರೂಪಾಯಿ. ಕರಿಗೋಟಿನ ಸರಿಯಾದ ದರ 200 ಎಂದು ಹಿಡಿದರೆ ಕೊಡಬೇಕಾದದ್ದು 8,000. ಉಳಿದ 8,000 ನಿಮ್ಮ ಮಾವನ ಕಿಸೆಯಿಂದ ಹೋಯಿತು.

ನೀರ್ಚಾಲಿನಲ್ಲಿ ನನಗೂ ಸ್ವಲ್ಪ ತೋಟವಿದೆ, ನಾನೂ ಅಡಿಕೆ ಮಾರುವವಳೇ. ಈ ದೋಷ ನನ್ನ ಕಡೆಗೇ ವಾಲುವಂಥದ್ದಾಗಿದ್ದರೆ ಉತ್ತರ ಬರೆಯಲು ಸ್ವಲ್ಪ ತಡಮಾಡುತ್ತಿದ್ದೆನೋ ಏನೋ. ಆದರೆ ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಪಟೋರದ ಸಾಲಾದ ಮೇಲೆ ಹುಡುಗ ‘ಹಳೆ ಅಡಿಕೆ’ ಎಂದು ಟೈಪ್ ಮಾಡಿ ಕೊನೆಗೆ ಒಂದು ಸ್ಪೇಸ್ ಒತ್ತಿದರೆ ಸಾಕು. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ. 450ರ ಮಾಲು 300ಕ್ಕೆ ಹೋಗುತ್ತದೆ. ಕೃಷಿಕ ಮನೆಗೆ ಹೋಗಿ ಲೆಕ್ಕ ಹಾಕುವವನಾದರೆ ಮರುದಿನ ಅಂಗಡಿಯಲ್ಲಿ ಜಗಳ. ಹಾಕದವನಾದರೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಕಾಸರಗೋಡಿನಲ್ಲಿ ಇಂಥದ್ದಕ್ಕೆ ಅವಕಾಶ ಹೆಚ್ಚು. ಸಪ್ತಭಾಷೆಯ ನಾಡೆಂದು ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ. ಒಂದೇ ಗೋಣಿಯನ್ನು ಒಬ್ಬ ಅಡಿಕೆ ಎನ್ನುತ್ತಾನೆ, ಒಬ್ಬ ಬಜ್ಜೈ ಎನ್ನುತ್ತಾನೆ, ಇನ್ನೊಬ್ಬ ಅಡಕ್ಕ ಎನ್ನುತ್ತಾನೆ. ಉಳ್ಳಿಗಡ್ಡೆ, ಡಬಲ್ ಚೋಲ್ ಎಂದು ತರಗಳು ಬೇರೆ ಇವೆ. ಟೈಪ್ ಮಾಡುವವನು ಕೇಳಿದ್ದನ್ನು ಕೇಳಿದ ಹಾಗೆ ಒತ್ತುತ್ತಾನೆ. ನೀವು ಬರೆದದ್ದು ಮೂರು ಕವಲು. ಮೂರಕ್ಕೂ ಸೇರದ ನಾಲ್ಕನೆಯ ದಾರಿ ನೀವು ಬರೆಯದಿದ್ದರೂ ಇದ್ದೇ ಇದೆ. ಎಲ್ಸ್ ಇಲ್ಲದ ಪ್ರತಿ ಇಫ್ ಸರಣಿಯಲ್ಲೂ ಅಂಥ ಒಂದು ದಾರಿ ಇರುತ್ತದೆ.

ಈಗ ಗೆಳೆಯನ ಸೊನ್ನೆಗೆ ಬರೋಣ. ಅದನ್ನು ನೀವು ಬರೆದದ್ದು ಫಾರ್ ಸಾಲಿನ ಮೇಲೆ, ಅಂದರೆ ಸುತ್ತಿನ ಹೊರಗೆ. ಆದ್ದರಿಂದ ಮೊದಲ ಸಾಲಿಗೆ ಮಾತ್ರ ಸೊನ್ನೆ ಸಿಗುತ್ತದೆ, ಎರಡನೆಯ ಸಾಲಿನಿಂದ ಹಳೆಯ ಬೆಲೆಯ ಕಾಟ ಮೊದಲಿನಂತೆಯೇ ನಡೆಯುತ್ತದೆ. ಸುತ್ತಿನ ಒಳಗೆ ಬರೆದಿದ್ದರೆ ಹಳೆಯ ಬೆಲೆಯ ಕಾಟ ತಪ್ಪುತ್ತಿತ್ತು, ಆದರೆ 40 ಕಿಲೋ ಕರಿಗೋಟಿಗೆ ಮೊತ್ತ ಸೊನ್ನೆ ಎಂದು ರಶೀದಿ ಬರುತ್ತಿತ್ತು. ತಾಳಮದ್ದಳೆಗೆ ಕೌರವನ ಅರ್ಥಧಾರಿ ಬಾರದಿದ್ದಾಗ ಆ ಜಾಗದಲ್ಲಿ ಯಾರನ್ನೋ ಮೌನವಾಗಿ ಕೂರಿಸಿದ ಹಾಗೆ: ಪ್ರಸಂಗ ಮುಗಿಯುತ್ತದೆ, ಕೌರವನ ಮಾತನ್ನು ಮಾತ್ರ ಯಾರೂ ಆಡಿರುವುದಿಲ್ಲ.

ಆರಂಭದಲ್ಲಿ ಸೊನ್ನೆ ಇಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಂಗಡಿಯ ಜೀಪು ಮನೆಗೆ ಬಂದು ಮಾಲು ಒಯ್ದರೆ ಬಾಡಿಗೆ ಕಡಿಯುತ್ತೀರಿ; ಕೃಷಿಕನೇ ತಂದರೆ ಕಡಿಯುವುದಿಲ್ಲ. ಅಲ್ಲಿ ‘ಬಾಡಿಗೆ = 0’ ಎಂದು ಮೊದಲೇ ಬರೆದು, ಜೀಪು ಹೋದಾಗ ಮಾತ್ರ ಬದಲಾಯಿಸುವುದು ಸರಿಯಾದ ಕ್ರಮ. ಅಲ್ಲಿ ಸೊನ್ನೆ ನಿಜವಾದ ಉತ್ತರ. ಕರಿಗೋಟಿನ ದರ ಸೊನ್ನೆ ಎಂಬುದು ಯಾವ ಅಂಗಡಿಯಲ್ಲೂ ನಿಜವಲ್ಲ. ಅದು ದರ ಗೊತ್ತಿಲ್ಲ ಎಂಬುದನ್ನು ಮುಚ್ಚಿಡುವ ಸಂಖ್ಯೆ. ಆರಂಭದ ಬೆಲೆ ಬರೆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಬೆಲೆ ಹಾಗೆಯೇ ರಶೀದಿಯಲ್ಲಿ ಅಚ್ಚಾದರೆ ಮಾವ ಅದಕ್ಕೆ ಸಹಿ ಹಾಕುತ್ತಾರೆಯೇ? ಬಾಡಿಗೆ ಸೊನ್ನೆಗೆ ಹಾಕುತ್ತಾರೆ. ದರ ಸೊನ್ನೆಗೆ ಹಾಕುವುದಿಲ್ಲ.

ಸೊನ್ನೆಯ ಬದಲು ಪೈಥಾನ್‌ನ ‘ನನ್’ (ಬೆಲೆಯೇ ಇಲ್ಲ ಎಂಬ ಗುರುತು) ಇಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಸುತ್ತಿನ ಒಳಗೆ ಇಟ್ಟರೆ ಅದು ಸೊನ್ನೆಗಿಂತ ಎಷ್ಟೋ ವಾಸಿ, ಯಾಕೆಂದರೆ ನನ್ ಅನ್ನು ತೂಕದಿಂದ ಗುಣಿಸಲು ಹೋದರೆ ಟೈಪ್‌ಎರರ್ ಬರುತ್ತದೆ. ಆದರೆ ಆ ಎರರ್ ಗುಣಾಕಾರದ ಸಾಲನ್ನು ತೋರಿಸುತ್ತದೆ. ತಪ್ಪಾದದ್ದು ಅಲ್ಲಲ್ಲ, ದರ ಹುಡುಕಿದಲ್ಲಿ. ದೊಡ್ಡ ಪ್ರೋಗ್ರಾಮಿನಲ್ಲಿ ಆ ಎರಡು ಜಾಗಗಳು ಬೇರೆ ಬೇರೆ ಫೈಲಿನಲ್ಲಿರುತ್ತವೆ.

ನಾನು ಹೀಗೆ ಬರೆಯುತ್ತೇನೆ. ಎಲಿಫ್‌ಗಳ ಸರಮಾಲೆ ಕಂಡರೆ ನನಗೆ ಆಗುವುದಿಲ್ಲ, ಅದರಲ್ಲೂ ದರಪಟ್ಟಿಯಂಥ ವಿಷಯಕ್ಕೆ.

    ದರಪಟ್ಟಿ = {"ಹೊಸ ಅಡಿಕೆ": 400, "ಹಳೆ ಅಡಿಕೆ": 450, "ಪಟೋರ": 300}

    ಡೆಫ್ ದರ_ಹುಡುಕು(ತರ):
        ತರ = ತರ.ಸ್ಟ್ರಿಪ್()
        ಇಫ್ ತರ ನಾಟ್ ಇನ್ ದರಪಟ್ಟಿ:
            ರೈಸ್ ವ್ಯಾಲ್ಯೂಎರರ್("ದರ ಗೊತ್ತುಮಾಡದ ತರ: " + ತರ)
        ರಿಟರ್ನ್ ದರಪಟ್ಟಿ[ತರ]

ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗಿವೆ. ದರ ಹುಡುಕುವುದು ಫಂಕ್ಷನ್‌ನೊಳಗೆ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡಿನ ತುಂಡಿನೊಳಗೆ) ಹೋದದ್ದರಿಂದ ಪ್ರತಿ ಸಲವೂ ಹೊಸದಾಗಿ ಆರಂಭ. ಹಿಂದಿನ ಸಾಲಿನದ್ದು ಉಳಿಯಲು ಜಾಗವೇ ಇಲ್ಲ. ಫಂಕ್ಷನ್‌ನಿಂದ ಹೊರಗೆ ಬರಲು ಇರುವುದು ಎರಡೇ ದಾರಿ, ಒಂದೋ ದರದೊಂದಿಗೆ, ಇಲ್ಲವೇ ದೂರಿನೊಂದಿಗೆ. ಪಟ್ಟಿಯಿಂದ ‘ಗೆಟ್(ತರ, 0)’ ಎಂದು ತೆಗೆಯುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ನಯವಾಗಿ ನಿರಾಕರಿಸಿ. ಅದು ಗೆಳೆಯನ ಸೊನ್ನೆಯೇ, ವೇಷ ಬೇರೆ.

ಗಿರಾಕಿಯ ಎದುರು ಪ್ರೋಗ್ರಾಮು ನಿಂತರೆ ಮರ್ಯಾದೆ ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ಎಲ್ಲ ಸಾಲುಗಳ ದರವನ್ನೂ ಮೊದಲು ಹುಡುಕಿಬಿಡಿ. ಒಂದಾದರೂ ಸಿಗದಿದ್ದರೆ ಆ ವ್ಯಾಲ್ಯೂಎರರ್ ಹಿಡಿದು ‘ಕರಿಗೋಟಿಗೆ ದರ ಹಾಕಿ’ ಎಂದು ಪರದೆಯಲ್ಲಿ ತೋರಿಸಿ, ರಶೀದಿಯ ಒಂದು ಸಾಲನ್ನೂ ಅಚ್ಚು ಮಾಡಬೇಡಿ. ಅರ್ಧ ಅಚ್ಚಾದ ರಶೀದಿಯಷ್ಟು ಕಿರಿಕಿರಿ ಇನ್ನೊಂದಿಲ್ಲ. ತರವನ್ನು ಟೈಪ್ ಮಾಡಿಸುವ ಬದಲು ಪಟ್ಟಿಯಿಂದ ಆರಿಸುವ ಹಾಗೆ ಮಾಡಿದರೆ ಸ್ಪೇಸಿನ ತೊಂದರೆಯೂ ತಪ್ಪುತ್ತದೆ. ಇನ್ನೊಂದು: ನಿಮ್ಮ ಪ್ರಿಂಟ್ ಸಾಲಿನಲ್ಲಿ ತರ, ತೂಕ, ಮೊತ್ತ ಇವೆ, ದರವೇ ಇಲ್ಲ. ದರದ ಕಾಲಂ ಇದ್ದಿದ್ದರೆ ಕರಿಗೋಟಿನ ಎದುರು 400 ಕಂಡ ಮೊದಲ ದಿನವೇ ಮಾವ ಕೂಗಿ ಕರೆಯುತ್ತಿದ್ದರು. ಹಳೆಯ ರಶೀದಿಗಳನ್ನು ತೆಗೆದು ಮೊತ್ತವನ್ನು ತೂಕದಿಂದ ಭಾಗಿಸಿ ನೋಡಿ. ಎಷ್ಟು ಸಾಲುಗಳು ಹಾದಿ ತಪ್ಪಿವೆಯೆಂದು ತಿಳಿಯುತ್ತದೆ.

ಇಂಥ ದೋಷ ಹುಡುಕಿಕೊಡುವ ಸಾಧನಗಳಿವೆ. ಪೈಲಿಂಟ್ 2024ರಲ್ಲಿ ಬಂದ 3.2ನೆಯ ಆವೃತ್ತಿಯಿಂದ ‘ಬೆಲೆ ಕೊಡುವ ಮೊದಲೇ ಬಳಸಿರಬಹುದು’ ಎಂಬ ಎಚ್ಚರಿಕೆ ಕೊಡುತ್ತದೆ. ಪೈರೈಟ್‌ನಲ್ಲೂ ಇಂಥದ್ದೇ ಒಂದು ತಪಾಸಣೆ ಇದೆ. ಮೈಪೈಯಲ್ಲಿ ಅದನ್ನು ನಾವೇ ಆನ್ ಮಾಡಿಕೊಳ್ಳಬೇಕು. ನಿಮ್ಮ ಮೊದಲಿನ ಕೋಡನ್ನು ಕೊಟ್ಟಿದ್ದರೆ ಇವು ಮೊತ್ತದ ಸಾಲಿಗೆ ಬೆರಳು ತೋರಿಸುತ್ತಿದ್ದವು. ಸೊನ್ನೆ ಬರೆದ ಮೇಲೆ ಅವೂ ಬಾಯಿ ಮುಚ್ಚುತ್ತವೆ, ಯಾಕೆಂದರೆ ಅವುಗಳ ದೃಷ್ಟಿಯಲ್ಲಿ ದರಕ್ಕೆ ಬೆಲೆ ಸಿಕ್ಕಾಯಿತು. ಗೆಳೆಯ ಕಾವಲುಗಾರನನ್ನೂ ಮನೆಗೆ ಕಳುಹಿಸಿದ್ದಾನೆ ಎಂದಂತಾಯಿತು.

ಪ್ರಶ್ನೆ: ನಾನು ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಫಂಕ್ಷನ್‌ನ ಹೊರಗೆ ‘ದರ = 400’ ಎಂದು ಬರೆದಿದ್ದೇನೆ. ಒಳಗೆ ‘ಇಫ್ ಓಣಂ: ದರ = 380’ ಎಂದೂ, ಕೆಳಗೆ ‘ರಿಟರ್ನ್ ದರ * ತೂಕ’ ಎಂದೂ ಇದೆ. ಓಣಂ ಇದ್ದರೆ ಸರಿಯಾಗುತ್ತದೆ, ಇಲ್ಲದಿದ್ದರೆ ಅನ್‌ಬೌಂಡ್‌ಲೋಕಲ್‌ಎರರ್. ಹೊರಗಿನ 400 ಅದಕ್ಕೆ ಕಾಣುವುದಿಲ್ಲವೇ ಟೀಚರ್?
— ಮಂಜೇಶ್ವರ

ಉತ್ತರ: ಕಾಣುವುದಿಲ್ಲ ಮಗಳೇ. ಪೈಥಾನ್ ಒಂದು ಫಂಕ್ಷನ್ ಅನ್ನು ಓಡಿಸುವ ಮೊದಲೇ ಪೂರ್ತಿ ಓದಿಕೊಳ್ಳುತ್ತದೆ. ಒಳಗೆ ಎಲ್ಲಿಯಾದರೂ, ಎಂದೂ ಓಡದ ಕವಲಿನಲ್ಲಾದರೂ ಸರಿ, ‘ದರ =’ ಎಂದು ಕಂಡರೆ ಆ ಹೆಸರು ಇಡೀ ಫಂಕ್ಷನ್‌ಗೆ ಒಳಗಿನದ್ದೆಂದು ತೀರ್ಮಾನಿಸುತ್ತದೆ. ಆಮೇಲೆ ಹೊರಗೆ ನೋಡುವ ಪ್ರಶ್ನೆಯೇ ಇಲ್ಲ. 3.11ನೆಯ ಆವೃತ್ತಿಯಿಂದ ಈ ಎರರ್‌ನ ಮಾತು ಬದಲಾಗಿದೆ: ಹಿಂದೆ ‘ಬೆಲೆ ಕೊಡುವ ಮೊದಲೇ ಬಳಸಿದೆ’ ಎನ್ನುತ್ತಿತ್ತು, ಈಗ ‘ಈ ಒಳಗಿನ ವೇರಿಯೇಬಲ್‌ಗೆ ಯಾವ ಬೆಲೆಯೂ ಅಂಟಿಲ್ಲ’ ಎನ್ನುತ್ತದೆ. ಶಾಲೆಯ ಕಂಪ್ಯೂಟರಿನಲ್ಲೂ ಮನೆಯಲ್ಲೂ ಬೇರೆ ಬೇರೆ ಸಂದೇಶ ಕಂಡರೆ ಗಾಬರಿ ಬೇಡ.

‘ಗ್ಲೋಬಲ್ ದರ’ ಎಂದು ಬರೆದರೆ ಎರರ್ ಹೋಗುತ್ತದೆ, ಆದರೆ ಒಮ್ಮೆ ಓಣಂ ಬಂತೆಂದರೆ ಹೊರಗಿನ ದರವೂ 380 ಆಗಿ ಆಮೇಲೆ ವರ್ಷವಿಡೀ ಓಣಂ. ದರವನ್ನು ಫಂಕ್ಷನ್‌ಗೆ ಕೈಯಲ್ಲಿ ಕೊಡು, ಒಳಗೆ ಬೇರೆ ಹೆಸರಿಡು: ‘ಈಗಿನ_ದರ = 380 ಇಫ್ ಓಣಂ ಎಲ್ಸ್ ದರ’. ಈ ಬಗೆಯ ಒಂದೇ ಸಾಲಿನ ಇಫ್‌ಗೆ ಎಲ್ಸ್ ಕಡ್ಡಾಯ, ಬಿಟ್ಟರೆ ಪ್ರೋಗ್ರಾಮು ಆರಂಭವೇ ಆಗುವುದಿಲ್ಲ. ಅದಕ್ಕೇ ನನಗೆ ಅದು ಇಷ್ಟ.

ಪ್ರಶ್ನೆ: ಸಿ ಭಾಷೆಯಲ್ಲಿ ಬರೆದ ಒಂದೇ ಪ್ರೋಗ್ರಾಮು ಮನೆಯ ಲ್ಯಾಪ್‌ಟಾಪಿನಲ್ಲಿ 0 ತೋರಿಸುತ್ತದೆ, ಕಾಲೇಜಿನ ಲ್ಯಾಬಿನಲ್ಲಿ ಅರ್ಥವಿಲ್ಲದ ದೊಡ್ಡ ಸಂಖ್ಯೆ ತೋರಿಸುತ್ತದೆ. ಲ್ಯಾಬಿನ ಕಂಪ್ಯೂಟರ್ ಕೆಟ್ಟಿರಬಹುದೇ?
— ಡಿಪ್ಲೊಮಾ ವಿದ್ಯಾರ್ಥಿ, ಕುಂಬಳೆ

ಉತ್ತರ: ಲ್ಯಾಬಿನದ್ದು ಕೆಟ್ಟಿಲ್ಲ, ಮನೆಯದ್ದು ನಿಮಗೆ ಸುಳ್ಳು ಧೈರ್ಯ ಕೊಟ್ಟಿದೆ. ಸಿ ಭಾಷೆಯಲ್ಲಿ ಫಂಕ್ಷನ್‌ನೊಳಗಿನ ಸಾಮಾನ್ಯ ವೇರಿಯೇಬಲ್‌ಗೆ ಯಾವ ಕವಲೂ ಬೆಲೆ ಕೊಡದಿದ್ದರೆ ಅದರಲ್ಲಿ ಏನಿರುತ್ತದೆ ಎಂಬುದಕ್ಕೆ ಭಾಷೆ ಹೊಣೆಯಲ್ಲ. ಆ ಜಾಗದಲ್ಲಿ ಹಿಂದೆ ಇದ್ದದ್ದೇನೋ ಕಾಣಬಹುದು, ಕಂಪೈಲರ್ ಇಡೀ ಕವಲನ್ನೇ ಬೇರೆ ರೀತಿ ತಿರುಗಿಸಿಯೂ ಇರಬಹುದು. ಫಂಕ್ಷನ್‌ನ ಹೊರಗಿನವುಗಳಿಗೂ ಸ್ಟ್ಯಾಟಿಕ್ ಎಂದು ಹೇಳಿದವುಗಳಿಗೂ ಮಾತ್ರ ಸೊನ್ನೆಯ ಖಾತ್ರಿ ಇದೆ. ಪೈಥಾನ್ ಕನಿಷ್ಠ ಪಕ್ಷ ನಿಲ್ಲುತ್ತದೆ, ಸಿ ನಿಲ್ಲುವುದಿಲ್ಲ.

ಜಿಸಿಸಿ ಕಂಪೈಲರಿಗೆ ‘-ವಾಲ್’ ಕೊಡಿ: ಅಡ್ಡಗೆರೆ, ದೊಡ್ಡಕ್ಷರದ ಡಬ್ಲ್ಯೂ, ಮತ್ತೆ ಎ, ಎಲ್, ಎಲ್. ಜೊತೆಗೆ ‘-ಓ2’ (ಓ ಕೂಡ ದೊಡ್ಡಕ್ಷರ) ಸಹ ಕೊಡಿ. ಕವಲುಗಳನ್ನು ಹಿಂಬಾಲಿಸಿ ನೋಡುವ ಎಚ್ಚರಿಕೆ ಆಪ್ಟಿಮೈಸೇಶನ್ ಇದ್ದಾಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಕಣ್ಣು ತಪ್ಪಿದ್ದನ್ನು ವಾಲ್‌ಗ್ರಿಂಡ್ ಎಂಬ ಸಾಧನ ಪ್ರೋಗ್ರಾಮು ಓಡುವಾಗ ಹಿಡಿಯಬಲ್ಲದು.

ಪ್ರಶ್ನೆ: ಜಾವಾದಲ್ಲಿ ಕಂಪೈಲರ್ ‘ವೇರಿಯೇಬಲ್‌ಗೆ ಆರಂಭದ ಬೆಲೆ ಇಲ್ಲದಿರಬಹುದು’ ಎಂದು ಹಟ ಹಿಡಿಯುತ್ತದೆ. ‘= 0’ ಎಂದರೆ ಸುಮ್ಮನಾಗುತ್ತದೆ. ಹಾಗೆ ಮಾಡಬಹುದೇ?
— ಆದೂರು

ಉತ್ತರ: ಬದಿಯಡ್ಕದವರಿಗೆ ಹೇಳಿದ್ದನ್ನೇ ನಿಮಗೂ ಹೇಳಬೇಕು. ಜಾವಾ ಭಾಷೆಯ ನಿಯಮಗ್ರಂಥದ 16ನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು: ಒಳಗಿನ ವೇರಿಯೇಬಲ್ ಅನ್ನು ಓದುವ ಮುನ್ನ, ಅಲ್ಲಿಗೆ ಬರುವ ಪ್ರತಿ ದಾರಿಯಲ್ಲೂ ಅದಕ್ಕೆ ಬೆಲೆ ಸಿಕ್ಕಿರಲೇಬೇಕು. ಸಿ ಶಾರ್ಪ್, ರಸ್ಟ್ ಭಾಷೆಗಳಲ್ಲೂ ಹಾಗೆಯೇ. ಪೈಥಾನ್‌ನವರು ಬೇರೆ ಸಾಧನ ತಂದು ಮಾಡಿಸಿಕೊಳ್ಳುವ ಕೆಲಸ ನಿಮಗೆ ಪುಕ್ಕಟೆ ಸಿಕ್ಕಿದೆ. ‘ಇಂಟ್ ದರ;’ ಎಂದಷ್ಟೇ ಬರೆದು ಬಿಡಿ, ಕಂಪೈಲರ್ ಬೈಯುವ ಕವಲಿಗೆ ಹೋಗಿ ಅಲ್ಲಿ ಏನಾಗಬೇಕೋ ಅದನ್ನು ಬರೆಯಿರಿ. 2020ರಲ್ಲಿ ಬಂದ ಜಾವಾ 14ರಿಂದ ಸ್ವಿಚ್ ಅನ್ನು ಬೆಲೆ ಕೊಡುವ ಉಕ್ತಿಯಾಗಿಯೂ ಬರೆಯಬಹುದು. ಅದು ಒಂದು ಸಾಧ್ಯತೆಯನ್ನು ಬಿಟ್ಟರೂ ಒಪ್ಪುವುದಿಲ್ಲ.

ಪ್ರಶ್ನೆ: ಜಾವಾಸ್ಕ್ರಿಪ್ಟ್‌ನಲ್ಲಿ ವೇರಿಯೇಬಲ್‌ಗಳಿಗೆ ಕನ್ನಡ ಹೆಸರಿಟ್ಟಿದ್ದೇನೆ. ‘ಬಿಲ್’ ಎಂದು ಒಂದು ಕಡೆ ಘೋಷಿಸಿ, ಇಫ್‌ನೊಳಗೆ ‘ಬಿಲ್’ಗೆ ಬೆಲೆ ಕೊಟ್ಟೆ. ಹೊರಗೆ ಬಂದು ನೋಡಿದರೆ ‘ಅನ್‌ಡಿಫೈನ್ಡ್’, ತೂಕದಿಂದ ಗುಣಿಸಿದರೆ ‘ಎನ್ಎಎನ್’ (ಸಂಖ್ಯೆಯೇ ಅಲ್ಲ). ಹೆಸರು ಎರಡು ಕಡೆಯೂ ಒಂದೇ ಇದೆ, ಭೂತಗನ್ನಡಿ ಹಿಡಿದು ನೋಡಿದೆ!
— ತಾಳವಾಡಿ

ಉತ್ತರ: ಭೂತಗನ್ನಡಿಗೆ ಕಾಣದ್ದು ಅದು. ಕನ್ನಡದಲ್ಲಿ ವ್ಯಂಜನದಿಂದ ಮುಗಿಯುವ ಪದದ ಕೊನೆಗೆ ಕೆಲವು ಕೀಲಿಮಣೆಗಳು ‘ಜೀರೋ ವಿಡ್ತ್ ನಾನ್ ಜಾಯ್ನರ್’ ಎಂಬ ಅಗಲವಿಲ್ಲದ ಅಕ್ಷರ ಸೇರಿಸುತ್ತವೆ, ಮುಂದಿನದು ಒತ್ತಾಗದಿರಲೆಂದು. ಒಂದು ‘ಬಿಲ್’ನಲ್ಲಿ ಅದು ಇರಬೇಕು, ಇನ್ನೊಂದರಲ್ಲಿ ಇಲ್ಲ. ಜಾವಾಸ್ಕ್ರಿಪ್ಟ್ ಹೆಸರಿನೊಳಗೆ ಆ ಅಕ್ಷರವನ್ನು ಒಪ್ಪುತ್ತದೆ, ಹಾಗಾಗಿ ಅದಕ್ಕೆ ಇವು ಎರಡು ಹೆಸರು. ಸಡಿಲ ಕ್ರಮದಲ್ಲಿ, ಘೋಷಿಸದ ಹೆಸರಿಗೆ ಬೆಲೆ ಕೊಟ್ಟರೆ ಸದ್ದಿಲ್ಲದೆ ಹೊಸ ಗ್ಲೋಬಲ್ ಹುಟ್ಟುತ್ತದೆ. ಫೈಲಿನ ತಲೆಯಲ್ಲಿ ‘ಯೂಸ್ ಸ್ಟ್ರಿಕ್ಟ್’ ಎಂದು ಬರೆದರೆ ರೆಫರೆನ್ಸ್‌ಎರರ್ ಬಂದು ಗುಟ್ಟು ಒಡೆಯುತ್ತದೆ. ಪೈಥಾನ್ ಈ ಅಕ್ಷರವನ್ನು ಹೆಸರಿನಲ್ಲಿ ಒಪ್ಪುವುದೇ ಇಲ್ಲ, ಸಿಂಟ್ಯಾಕ್ಸ್‌ಎರರ್ ಕೊಡುತ್ತದೆ.

ಬದಿಯಡ್ಕದವರೂ ಇದನ್ನು ಓದಿಕೊಳ್ಳಲಿ. ಹೆಸರಿನಲ್ಲಿ ಒಪ್ಪದಿದ್ದರೂ ಉದ್ಧರಣ ಚಿಹ್ನೆಯೊಳಗಿನ ಪಠ್ಯದಲ್ಲಿ ಪೈಥಾನ್ ಅದನ್ನು ಹಾಗೆಯೇ ಇಟ್ಟುಕೊಳ್ಳುತ್ತದೆ. ‘ಡಬಲ್ ಚೋಲ್’ ಎಂಬುದು ವ್ಯಂಜನದಿಂದ ಮುಗಿಯುವ ಹೆಸರು. ಸ್ಟ್ರಿಪ್ ತೆಗೆಯುವುದು ಸ್ಪೇಸ್‌ನಂಥ ಖಾಲಿ ಜಾಗಗಳನ್ನು, ಈ ಅಕ್ಷರವನ್ನಲ್ಲ. ಪಟ್ಟಿಯಿಂದ ಆರಿಸುವ ವ್ಯವಸ್ಥೆ ಮಾಡಿ ಎಂದದ್ದು ಇದಕ್ಕೂ ಸೇರಿ.

ಪ್ರಶ್ನೆ: ಟ್ರೈ ಒಳಗೆ ಫೈಲ್ ತೆರೆದು, ಫೈನಲಿಯಲ್ಲಿ ‘ಕಡತ.ಕ್ಲೋಸ್()’ ಬರೆದಿದ್ದೇನೆ. ಫೈಲ್ ಸಿಗದಿದ್ದರೆ ‘ಕಡತ ಡಿಫೈನ್ ಆಗಿಲ್ಲ’ ಎಂಬ ಬೇರೆಯೇ ಎರರ್ ಬರುತ್ತದೆ.
— ಅಕ್ಕಲಕೋಟೆ

ಉತ್ತರ: ತೆರೆಯುವುದೇ ಸೋತರೆ ‘ಕಡತ’ಕ್ಕೆ ಬೆಲೆ ಎಲ್ಲಿಂದ ಬರಬೇಕು? ಫೈನಲಿ ಮಾತ್ರ ಯಾವ ದಾರಿಯಲ್ಲಿ ಬಂದರೂ ಓಡುತ್ತದೆ. ತೆರೆಯುವ ಸಾಲನ್ನು ಟ್ರೈಗಿಂತ ಮೇಲಕ್ಕೆ ತನ್ನಿ, ಅದಕ್ಕಿಂತ ಒಳ್ಳೆಯದು ‘ವಿತ್’ ಬಳಸುವುದು. ಸದ್ಯಕ್ಕೆ ಪರದೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ ನೋಡಿ, ಫೈಲ್ ಸಿಗಲಿಲ್ಲ ಎಂಬ ಮೊದಲ ಎರರ್ ಅಲ್ಲೇ ಇರುತ್ತದೆ.

‘ಪ್ರೋಗ್ರಾಮಿನಲ್ಲಿ ಎರರ್ ಬರುತ್ತಿದೆ, ಪರಿಹಾರ ತಿಳಿಸಿ’ ಎಂದಷ್ಟೇ ಬರೆದ ಉಪ್ಪಳದ ಓದುಗರು ಕೋಡನ್ನೂ ಎರರ್‌ನ ಕೊನೆಯ ಸಾಲನ್ನೂ ಸೇರಿಸಿ ಮತ್ತೆ ಬರೆಯಬೇಕು. ಪರದೆಯ ಫೋಟೊ ಬೇಡ, ಅದರಲ್ಲಿ ಸ್ಪೇಸ್ ಕಾಣುವುದಿಲ್ಲ.